ತಿದಿ ಒತ್ತಿದ ಕೈ

ಶಾಗ್ಯದ ಸಿದ್ದಾಚಾರಿಯ ಕುಲುಮೆ ಅಂದರೆ ಸುತ್ತ ಹತ್ತೂರಿಗೆ ಹೆಸರು. ಹೆಸರು ಅವನದು, ತಿದಿ ಒತ್ತಿ ಬೆವರು ಸುರಿಸೋಳು ಹೆಂಡತಿ ಮಾದೇವಮ್ಮ. ಮೂವತ್ತು ವರ್ಷ ಅವಳು ಗಾಳಿ ಕೊಟ್ಟಳು, ಅವನು ಸುತ್ತಿಗೆ ಬೀಸಿದ. "ಆಚಾರಿ ತಿದಿ ಗಾಳಿಗೆ ಕಬ್ಬಿಣ ಬೆಣ್ಣೆ ಆಯ್ತದೆ ಕಣ್ಲಾ" ಅಂತ ನೇಗಿಲ ಗುಳ ಹದ ಮಾಡಿಸೋಕೆ ಬಂದವರು ಹೊಗಳಿದರೆ ಮೀಸೆ ತಿರುವೋನು ಅವನು. ಗಾಳಿ ಇವಳದು ಅಂತ ಒಂದು ದಿನಕ್ಕೂ ಬಾಯಿ ಬಿಡಲಿಲ್ಲ. ಮಾದೇವಮ್ಮನಿಗೆ ಒಡವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಆ ಒಂದು ಮಾತು ಗಂಡನ ಬಾಯಿಂದ ಬರಬೇಕು ಅನ್ನೋ ಆಸೆ ಇತ್ತು. ಕೇಳಿ ಪಡೆಯೋ ಮಾತು ಅದಲ್ಲವಲ್ಲ, ತಿದಿ ಒತ್ತುತ್ತಾ ಬಂದಳು.

ಅರವತ್ತೆರಡನೇ ಇಸವಿ. ಬೆಟ್ಟದ ಬಂಗಲೆಯ ಬಿಳಿ ದೊರೆಯೊಬ್ಬ ದೇಶ ಬಿಡುವಾಗ ಮಾರ್ಟಳ್ಳಿಯ ಚರ್ಚಿಗೆ ತನ್ನ ಪೈಪ್ ಆರ್ಗನ್ ಕೊಟ್ಟುಹೋದ. ಬೀರುವಿನಷ್ಟು ಮರದ ಪೆಟ್ಟಿಗೆ, ಮೇಲೆ ಸಾಲಾಗಿ ತವರದ ಕೊಳವೆಗಳು. ಹಿಂದೆ ನಿಂತು ಒಬ್ಬರು ತಿದಿ ಒತ್ತಬೇಕು, ಮುಂದೆ ಕೂತು ಒಬ್ಬರು ಬೆರಳಾಡಿಸಬೇಕು. ನುಡಿಸೋಕೆ ಸವರಿಯಪ್ಪ ಮೇಷ್ಟ್ರು ಇದ್ದರು. ತಿದಿಯ ತೊಗಲನ್ನು ಮಾತ್ರ ಇಲಿಗಳು ತಿಂದು ತೇಗಿದ್ದವು. ತಿದಿ ಅಂದಮೇಲೆ ಶಾಗ್ಯದ ಆಚಾರಿಯೇ ಸೈ ಅಂತ ಹೇಳಿಕಳಿಸಿದರು. ಗಂಡ ಹೆಂಡತಿ ಬಸ್ಸು ಹತ್ತಿ ಬಂದರು. ಅವನು ಕೆಲಸಕ್ಕೆ, ಇವಳು ಹಿಟ್ಟು ಬೇಯಿಸಿ ಹಾಕೋಕೆ.

ಮೂರು ದಿನ ಕೂತು ಆಡಿನ ತೊಗಲು ಹೊಲಿದು ಅಂಟಿಸಿ ಆಚಾರಿ ತಿದಿಯನ್ನು ಹೊಸದು ಮಾಡಿದ. ಅವನ ಕೆಲಸದಲ್ಲಿ ಎರಡು ಮಾತಿಲ್ಲ. ಶನಿವಾರ ಬೆಳಿಗ್ಗೆ ಮೇಷ್ಟ್ರು, "ಒತ್ತೋರೂ ನೀವೇ ಆಗ್ಬೇಕು ಆಚಾರ್ರೇ, ನಾಳೆ ಪೂಜೆಗೆ ನುಡಿಸ್ಬೇಕು" ಅಂದರು. ಆಚಾರಿ ಪಂಚೆ ಎತ್ತಿ ಕಟ್ಟಿ ನಿಂತ. ತಾನು ತಿದಿ ಒತ್ತಿದವನೇ ಅಲ್ಲ ಅನ್ನೋದು ಪುಣ್ಯಾತ್ಮನಿಗೆ ಮರೆತೇಹೋಗಿತ್ತೋ ಏನೋ.

ಸುತ್ತಿಗೆ ಹಿಡಿದ ಕೈ ಅದು. ದಬಕ್ಕನೆ ಅದುಮಿದ, ದಬಕ್ಕನೆ ಬಿಟ್ಟ. ಕೊಳವೆಗಳು ಒಮ್ಮೆ ಕಿರುಚಿದವು, ಒಮ್ಮೆ ಈಯಲಾರದ ಎಮ್ಮೆಯ ಹಾಗೆ ನರಳಿದವು. ಬೆವರು ಇಳೀತು, ರಾಗ ಏಳಲಿಲ್ಲ.

"ಪೆಟ್ಟಿಗೇಲೇ ಏನೋ ಐಬು ಅದೆ, ಸಾ" ಅಂದ ಆಚಾರಿ.

"ಹಂಗಾದ್ರೆ ಮೈಸೂರಿಗೆ ಸಾಗಹಾಕೋದೇ" ಅಂತ ಮೇಷ್ಟ್ರು ಬೇಜಾರಲ್ಲಿ ಮುಚ್ಚಳ ಎಳೆದರು.

ಹೊರಗೆ ಒಲೆ ಮುಂದಿದ್ದ ಮಾದೇವಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಸುಮ್ಮನಿದ್ದರೆ ಪೆಟ್ಟಿಗೆ ಹೋಗುತ್ತದೆ, ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ. ಕೈ ಒರೆಸಿಕೊಂಡು ಒಳಗೆ ಬಂದಳು.

"ಹಿಟ್ಟು ಆರೋಯ್ತದೆ, ಉಂಡು ಬನ್ನಿ. ಅಲ್ಲೀಗಂಟ ನಾನು ಹಿಡ್ಕಂಡಿರ್ತೀನಿ" ಅಂದಳು.

ಆಚಾರಿ ಜಾಗ ಬಿಟ್ಟ, ಉಣ್ಣೋಕೆ ಮಾತ್ರ ಹೋಗಲಿಲ್ಲ. ಮಾದೇವಮ್ಮ ತಿದಿಯ ಹಿಡಿಯನ್ನು ಮೆಲ್ಲಗೆ ಇಳಿಸಿದಳು, ಮೊದಲ ಗಾಳಿ ತೀರುವ ಮುಂಚೆ ಮುಂದಿನದನ್ನು ಕೊಟ್ಟಳು. ಕೆಂಡ ಕೆಂಪಾಗೇ ಇರಬೇಕು, ಕಿಡಿ ಹಾರಬಾರದು. ಅವಳಿಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಮೇಷ್ಟ್ರು ಬೆರಳಿಟ್ಟರು. ದನಿ ಎದ್ದಿತು, ಎಲ್ಲೂ ಕುಗ್ಗದೆ ಚರ್ಚಿನ ತುಂಬ ನಿಂತಿತು. ಮಾದೇವಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ.

"ಈ ವಿದ್ಯೆ ಇರೋದು ಯಾಕಮ್ಮ ಹೇಳ್ಲಿಲ್ಲ?" ಅಂದರು ಮೇಷ್ಟ್ರು.

"ಯಾರೂ ಕೇಳ್ಲಿಲ್ಲ, ಸಾ."

ಬಾಗಿಲಲ್ಲಿ ನಿಂತಿದ್ದ ಆಚಾರಿ ನೆಲ ನೋಡಿದ.

ಭಾನುವಾರ ಪೂಜೆ ಮುಗಿಯಿತು. ಪೆಟ್ಟಿಗೆಯ ಹಿಂದೆ ಯಾರಿದ್ದರು ಅಂತ ಜನಕ್ಕೇನು ಗೊತ್ತು. ಅಂಗಳದಲ್ಲಿ ಆಚಾರಿಯನ್ನು ಮುತ್ತಿಕೊಂಡು, "ಎಂಥಾ ಗಾಳಿ ಆಚಾರ್ರೇ ನಿಮ್ದು" ಅಂದರು. ಅವನ ಕೈ ಮೀಸೆಗೆ ಹೋಯಿತು, ಅರ್ಧದಲ್ಲೇ ಇಳಿಯಿತು.

"ನಂದಲ್ಲ ಕಣ್ರಪ್ಪ. ತೊಗಲು ಹೊಲ್ದೋನು ನಾನು. ಗಾಳಿ ನಮ್ಮನೆಯೋಳ್ದು. ಇಲ್ಲಿ ಅಂತಲ್ಲ, ಕುಲುಮೇಲೂ ಮೂವತ್ತು ವರ್ಸದಿಂದ ಅವಳ್ದೇ."

ಒಳಗೆ ಮಾದೇವಮ್ಮನಿಗೆ ಅದು ಕೇಳಿಸಿತು. ಮೇಷ್ಟ್ರು ಎದ್ದು ಹೋಗಿ ಬಹಳ ಹೊತ್ತಾಗಿತ್ತು, ಅವಳ ಕೈ ಇನ್ನೂ ಹಿಡಿಯ ಮೇಲೇ ಇತ್ತು. ಕಣ್ಣೊರೆಸಿಕೊಂಡು ಸುಮ್ಮನೆ ಇನ್ನೊಂದು ಸಲ ಒತ್ತಿದಳು. ಬೆರಳಿಡೋರಿಲ್ಲದೆ ಕೊಳವೆಗಳು ಸುಮ್ಮನಿದ್ದವು, ತಿದಿ ಮಾತ್ರ ತುಂಬಿಕೊಂಡಿತು.