ಬಾಗಿಲಿಗೆ ಅಡ್ಡ ಬಂದ ಹೊಟ್ಟೆ

ಗುಡ್ಡಮ್ಮ ಚಿಕ್ಕಮ್ಮನ ಕೈ ಯಾಕೆ ಹೀಗೆ ಬಾಗಿಲಿಗೆ ಅಡ್ಡ ಬಂತು, ಹೊಸ್ತಿಲ ಆಚೆ ಅಜ್ಜಿಯನ್ನು ಮಲಗಿಸಿದ್ದಾರೆ, ಊದುಬತ್ತಿಯ ಹೊಗೆ ಕಾಣುತ್ತದೆ, ಚಾಪೆಯ ತುದಿ ಕಾಣುತ್ತದೆ, ಮುಖ ಕಾಣುವುದಿಲ್ಲ, ಆ ಕೈ ಒಂದಿಷ್ಟು ಸರಿದರೆ ಕಾಣುತ್ತದೆ — ಬ್ಯಾಡ ಕಣೇ ಶಾಲಿನಿ, ಬಸುರಿ ಹೆಂಗಸು ಹೆಣ ನೋಡಬಾರ್ದು, ಅಲ್ಲೇ ಜಗಲಿ ಮೇಲೆ ಕೂತ್ಕ. ಬಸುರಿ? ಯಾರು, ನಾನಾ? ಬೇರೆ ಯಾರಾದರೂ ನಿಂತಿರಬಹುದು ಎಂದು ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ, ಕುಬಟೂರಿನ ಹೆಂಗಸರೆಲ್ಲ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಾರೆ. ಗಂಡನ ಊರು ಶಿಕಾರಿಪುರದಲ್ಲಿ ನೋಡುವುದು ಬೇರೆ ಥರ, ಒಮ್ಮೆ ನೋಡಿ ಕಣ್ಣು ತಪ್ಪಿಸುತ್ತಾರೆ, ಸೊಪ್ಪು ಮಾರುವವಳು ಕೂಡ, ಹೆರಿಗೆ ಆಗಿ ವರ್ಷ ಆತಲ್ಲಕ್ಕಾ, ಇನ್ನೂ ಇಳಿದಿಲ್ಲಲ್ಲ. ಇವರ ಕಣ್ಣಿನಲ್ಲಿ ಅಕ್ಕರೆ ಇದೆ, ಅದೇ ನನಗೆ ಅನುಮಾನ, ಈ ಹೊಟ್ಟೆಗೆ ಯಾರೂ ಇಷ್ಟು ಅಕ್ಕರೆ ತೋರಿಸಿದ್ದಿಲ್ಲ, ಇವರಿಗೆ ಯಾರೋ ಏನೋ ಹೇಳಿದ್ದಾರೆ.

ತೀರ್ಥೇಶ್ ಹೇಳಿರಲಾರ, ಗಂಡನಿಗೆ ಮನಸ್ಸಿನಲ್ಲಾದರೂ ಏಕವಚನ ಇರಲಿ, ಮಗುವನ್ನು ಮಲಗಿಸಿಕೊಂಡು ಕಾರಿನಲ್ಲೇ ಕೂತಿದ್ದಾನೆ, ಅವನ ಕೆಲಸ ಏನಿದ್ದರೂ ಕದ್ದುಮುಚ್ಚಿ, ನನ್ನನ್ನು ಕೇಳದೆ ನನ್ನ ಫೋನಿಗೆ ಯಾವುದೋ ಆ್ಯಪ್ ಹಾಕಿದ, ಮಗುವಿಗೆ ಹಾಲು ಕೊಡುತ್ತ ಕೂತರೆ ಅದು ಎದ್ದೇಳಿ, ನಡೆಯಿರಿ ಎಂದು ಗುಂಯ್‌ಗುಡುತ್ತದೆ, ಅಂಜನಾಪುರ ಡ್ಯಾಮಿನ ಏರಿಯ ಮೇಲೆ ಫೋಟೊ ತೆಗೆಯುವಾಗ ಮಗೂನ ಸ್ವಲ್ಪ ಕೆಳಗೆ ಹಿಡಕೋ, ಹೊಟ್ಟೆ ಮುಚ್ಚತ್ತೆ ಎಂದ, ಮಗುವನ್ನು ಪರದೆಯ ಹಾಗೆ ಹಿಡಿದುಕೊಂಡು ನಾನು ನಕ್ಕೆ, ಆ ಫೋಟೊವನ್ನೇ ಎಲ್ಲರಿಗೂ ಕಳಿಸಿದ. ಅಜ್ಜಿಗೂ ಕಳಿಸಿರಬೇಕು. ಅಜ್ಜಿ — ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಬಾಣಂತನವನ್ನೂ ಇದೇ ಮನೆಯಲ್ಲಿ ಅವಳೇ ಮಾಡಿದಳು, ದಿನಾ ಬಿಸಿನೀರು ಎರೆದು, ತನ್ನ ಹಳೇ ಹತ್ತಿ ಸೀರೆ ಹರಿದು ನನ್ನ ಹೊಟ್ಟೆಗೆ ಸುತ್ತಿ ಸುತ್ತಿ ಕಟ್ಟಿ, ಉಸಿರು ಬಿಡೇ ಮಗಾ, ಇನ್ನೊಂದು ಸುತ್ತು. ಆದರೂ ಗಂಡನ ಮನೆಗೆ ಕಾಲಿಟ್ಟ ದಿನವೇ ಅತ್ತೆ ಎಂದರು, ನಿಮ್ಮಜ್ಜಿ ಸರಿಯಾಗಿ ಕಟ್ಟಿಲ್ಲ ಬಿಡು. ಫೋನ್ ಮಾಡಿ ಅಜ್ಜಿಗೂ ಅಂದುಬಿಟ್ಟರು. ನಾ ಬಿಗಿಯಾಗೇ ಕಟ್ಟಿದ್ನಲ್ಲೇ, ಬಾ ಒಂದ್ಸಲ, ಮುಟ್ಟಿ ನೋಡ್ತೀನಿ, ಅಜ್ಜಿಯ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದೇ ಇಲ್ಲ. ಯುಗಾದಿಗೆ ಹೊರಟೆ, ಇಳಿದ ಮ್ಯಾಲೆ ಹೋಗುವಿಯಂತೆ, ಈಗ ಹೋದ್ರೆ ನಾಲ್ಕು ಜನ ನಗ್ತಾರೆ ಎಂದರು ಅತ್ತೆ, ದೀಪಾವಳಿಗೂ ಅದೇ ಮಾತು, ಈಗ ಬಂದಿದ್ದೇನೆ, ಅಜ್ಜಿ ಮುಟ್ಟಿ ನೋಡುವುದಿಲ್ಲ.

ಚಿಕ್ಕಮ್ಮ, ನಾನು ಬಸುರಿ ಅಲ್ಲ. ಸುಮ್ನಿರೇ ಮಾರಾಯ್ತಿ, ಮೊದ್ಲಿಗೆ ಎಲ್ಲಾರೂ ಹಂಗೇ ಅಂತಾರೆ, ದೃಷ್ಟಿ ಆಗುತ್ತೆ ಅಂತ, ನಿಮ್ಮತ್ತೆನೇ ಫೋನಲ್ಲಿ ಹೇಳಿದ್ರಲ್ಲ. ಅತ್ತೆ! ಅದಕ್ಕೇ ಇವತ್ತು ಬೆಳಿಗ್ಗೆ ಕಪಾಟಿನಿಂದ ಈ ದೊಗಳೆ ರವಿಕೆ ತಾವೇ ತೆಗೆದುಕೊಟ್ಟಿದ್ದು, ಅದಕ್ಕೇ ಪಕ್ಕದ ಮನೆಯವರು ಎರಡನೇದಾ ಎಂದು ಕೇಳಿದಾಗ ನಕ್ಕು ಸುಮ್ಮನಾಗಿದ್ದು, ಮೈ ಇಳಿಯದ ಸೊಸೆಗಿಂತ ಬಸುರಿ ಸೊಸೆ ಮನೆಗೆ ಮರ್ಯಾದೆ, ಲೆಕ್ಕ ಸರಿಯಾಗಿದೆ, ಇಷ್ಟು ದಿನ ನನ್ನ ತಟ್ಟೆಯಿಂದ ಅನ್ನ ತೆಗೆದವರು ಹೊರಗಿನವರ ಮುಂದೆ ನನ್ನ ಹೊಟ್ಟೆಯೊಳಗೆ ಒಂದು ಮಗುವನ್ನೇ ಇಟ್ಟಿದ್ದಾರೆ. ಇದು ಬೊಜ್ಜು, ಚಿಕ್ಕಮ್ಮ, ಬರೀ ಬೊಜ್ಜು! ಸಾವಿನ ಮನೆಯಲ್ಲಿ ನನ್ನ ಕೂಗಿಗೆ ಅಳು ನಿಂತಿತು, ಯಾರೋ ಶ್ ಎಂದರು, ಒಳಗೆ ಗಂಡಸರು ಎತ್ತುವುದಕ್ಕೆ ಬಗ್ಗಿದರು, ಕೈ ಮಾತ್ರ ಬಾಗಿಲು ಬಿಡಲಿಲ್ಲ.

ನಮ್ಮ ಜೊತೆಗೇ ಕಾರಿನಲ್ಲಿ ಬಂದಿದ್ದ ಅತ್ತೆ ಅಂಗಳದಲ್ಲಿ ಕಾಲು ತೊಳೆದು ಜಗಲಿಯ ಮೇಲೆ ಬಂದರು. ಅತ್ತೆ, ಹೇಳಿ, ನೀವೇ ಹೇಳಿ, ಒಂದೇ ಮಾತು, ಇಲ್ಲ ಅಂದರೆ ಸಾಕು, ಒಂದು ಸಲ ಮುಖ ನೋಡಿ ಬರುತ್ತೇನೆ. ನನ್ನನ್ನು ನೋಡಿದರು, ಸುತ್ತ ನಿಂತ ಹೆಂಗಸರನ್ನು ನೋಡಿದರು, ಬಾಯಿ ತೆರೆದರು, ಹೇಳುತ್ತಾರೆ, ಈಗ ಹೇಳುತ್ತಾರೆ — ಬ್ಯಾಡ್ರೀ, ಒಳಗೆ ಬಿಡಬ್ಯಾಡ್ರಿ, ಇನ್ನೂ ಮೂರು ತುಂಬಿಲ್ಲ. ಚಿಕ್ಕಮ್ಮ ನನ್ನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದಳು, ಬೆನ್ನ ಹಿಂದೆ ಹೆಜ್ಜೆಗಳು, ಹುಷಾರು, ಹೊಸ್ತಿಲು, ತಲೆ ಬಗ್ಸ್ರೋ, ಅಜ್ಜೀ, ನೀನು ಬಿಗಿಯಾಗೇ ಕಟ್ಟಿದ್ದೆ ಎನ್ನಬೇಕು, ಎದುರಿಗೆ ಸುಣ್ಣದ ಗೋಡೆ, ಹೆಜ್ಜೆಗಳು ಅಂಗಳ ದಾಟಿದವು, ಹೊಟ್ಟೆಯ ಮೇಲೆ ಏನೋ ಬೆಚ್ಚಗೆ, ಅತ್ತೆಯ ಅಂಗೈ, ಇವರು ನನ್ನನ್ನು ಹೀಗೆ ಮುಟ್ಟಿದ್ದೇ ಇಲ್ಲ, ಎಲ್ಲರೂ ನೋಡುತ್ತಿದ್ದಾರೆ, ಅಂಗೈ ಮೆಲ್ಲಗೆ ಸವರುತ್ತದೆ, ನಿಲ್ಲುತ್ತದೆ, ಒಳಗೆ ಯಾರೋ ಮಲಗಿದ್ದಾರೆ ಎನ್ನುವಷ್ಟು ಜೋಪಾನವಾಗಿ ಮತ್ತೆ ಸವರುತ್ತದೆ, ಅಂಗೈ, ಅತ್ತೆಯ ಅಂಗೈ —