ಒಣ ಕಪಾಟಿನ ರಜೆ

ನೀರಿಗೆ ಬಿದ್ದ ಕೂಡಲೇ ಪಾಲಿಮರ್ ಬಿರಡೆ ಅರಳಿತು. ಶ್ರೀಪ್ರಿಯಾಳ ಕೈಯಲ್ಲಿ ಚಿಮುಟ ಹಾಗೆಯೇ ನಿಂತಿತು.

ಮೈಬಿಸಿಯಷ್ಟಿದ್ದ ಆ ನೀರಿನಲ್ಲಿ ಅದು ಕೆಲವು ನಿಮಿಷವಾದರೂ ಕಡ್ಡಿಯಂತೆ ಸಪೂರವಾಗಿರಬೇಕಿತ್ತು. ತೊಡೆಯ ರಕ್ತನಾಳದಲ್ಲಿ ಕೊಳವೆ ತೂರಿಸಿ ಡಾಕ್ಟರು ಅದನ್ನು ಮಿದುಳಿನವರೆಗೆ ತಳ್ಳಲು ಅಷ್ಟು ಹೊತ್ತು ಬೇಕು. ಆಮೇಲೆ ಅದು ರಕ್ತದ ತೇವಕ್ಕೆ ಮೆತ್ತಗಾಗಿ, ತನ್ನ ಮೊದಲಿನ ಆಕಾರಕ್ಕೆ ಮರಳಿ, ಒಡೆಯುವಂತಿರುವ ನಾಳದ ಉಬ್ಬನ್ನು ತುಂಬುತ್ತದೆ. ಇದಾದರೋ ಕೊಳವೆಯೊಳಗೇ ಅರಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲೇ ತೇವ ಹೀರಿಬಿಟ್ಟಿದೆ.

ಯಾವಾಗ ಎಂದು ಅವಳಿಗೆ ಹೊಳೆಯಿತು. ಹಿಂದಿನ ವಾರ ಆಯುಧಪೂಜೆ. ತುರ್ಭೆಯ ಈ ಚಿಕ್ಕ ಕಾರ್ಖಾನೆಯ ಯಜಮಾನ, ಉಡುಪಿಯ ಪುಂಡರೀಕಾಕ್ಷ, ಪ್ರತಿ ಯಂತ್ರಕ್ಕೂ ಕುಂಕುಮ ಹಚ್ಚಿ ಸ್ವಿಚ್ ಆರಿಸಿದ್ದರು; ಬಿರಡೆಗಳನ್ನು ಒಣಗಿಸಿಡುವ ಕಪಾಟಿನದನ್ನೂ.

"ಅದೊಂದು ಬೇಡ ಸರ್" ಎಂದಿದ್ದಳು.

"ಎಂಥ ಮಾರಾಯ್ತಿ, ಭಾನುವಾರ ಡೊಂಬಿವಲಿಯಲ್ಲಿ ನೀನು ಕಾಲು ಚಾಚಿ ಮಲಗುದಿಲ್ವಾ? ಅದಕ್ಕೆ ರಜೆ ಬೇಡ್ವಾ?"

ಎಲ್ಲರೂ ನಕ್ಕಿದ್ದರು. ಅವಳೂ. ಬಿರಡೆಗಳ ಪರೀಕ್ಷೆ ಪೂಜೆಗೆ ಮುಂಚೆಯೇ ಮುಗಿದಿದ್ದರಿಂದ ಮರುದಿನ ಅವುಗಳನ್ನು ಹಾಗೆಯೇ ಪ್ಯಾಕ್ ಮಾಡಿದ್ದರು.

ಅವುಗಳಲ್ಲೇ ಇನ್ನೊಂದು ಇವತ್ತು ಥಾಣೆ ಪಟ್ಟಣದ ಆಸ್ಪತ್ರೆಯಲ್ಲಿ ಶರಣಬಸಮ್ಮನ ತಲೆಯೊಳಗೆ ಹೋಗುವುದಿತ್ತು. ಆಕೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವವಳು, ಕಲಬುರಗಿ ಕಡೆಯವಳು. ಡಾಕ್ಟರಿಗೆ ಕನ್ನಡ ಬಾರದೆಂದು ಶ್ರೀಪ್ರಿಯಾಳೇ ಹೋಗಿ ಬಿರಡೆ ತೋರಿಸಿ ವಿವರಿಸಿದ್ದಳು.

"ಜ್ವಾಳದ ಅರಳಿನಂಗ ಐತಲ್ಲವ್ವಾ! ನನ್ನ ತಲಿ ಏನು ಹುರಿಯೋ ಬಾಣಲಿ ಅಂತ ತಿಳದೀರೇನು?" ಎಂದು ಶರಣಬಸಮ್ಮ ನಕ್ಕು, ಆಮೇಲೆ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. "ಹಾದ್ಯಾಗ ಅರಳಂಗಿಲ್ಲ ಹೌದಿಲ್ಲೋ?"

"ಇಲ್ಲಮ್ಮ."

ಈಗ ಪುಂಡರೀಕಾಕ್ಷ ನೀರಿನ ತೊಟ್ಟಿಗೆ ಬಗ್ಗಿ ನೋಡಿದರು. "ಇನ್ನೊಂದು ಹಾಕಿ ನೋಡುವ."

"ಹಾಕಿದೆ ಸರ್. ಎಲ್ಲವೂ ಹೀಗೇ."

"ಫೋನ್ ಮಾಡಿದ್ರೆ ನಮ್ಮ ಬಾಗಿಲು ಮುಚ್ಚಿತು. ಗೊತ್ತುಂಟಲ್ಲ?"

ಅವಳು ಆಗಲೇ ಆಸ್ಪತ್ರೆಯ ನಂಬರ್ ಒತ್ತಿದ್ದಳು.

"ಸರ್ ಆತ ಆಹೇತ್, ನಂತರ ಕರಾ" ಎಂದಳು ನರ್ಸ್. ಒಳಗಿದ್ದಾರಂತೆ, ಆಮೇಲೆ ಮಾಡಬೇಕಂತೆ.

"ಸಿಸ್ಟರ್, ಥಾಂಬಾ! ಆಪರೇಷನ್ ಥಾಂಬವಾ! ತುರ್ಭೆಯಿಂದ, ಬಿರಡೆಯ ಕಂಪನಿ!" ನಿಲ್ಲಿಸಿ ಎಂದು ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಚಪ್ಪಲಿ ಓಡಿದ ಸದ್ದು. ಬಾಗಿಲು. ಯಂತ್ರದ ಟಿಕ್ ಟಿಕ್. ನಂತರ ಹಿಂದಿಯಲ್ಲಿ ಡಾಕ್ಟರ ದನಿ: ಕೊಳವೆ ತಲೆಯವರೆಗೆ ಹೋಗಿದೆ, ಬಿರಡೆ ಕೈಯಲ್ಲಿದೆ, ಏನಿದ್ದರೂ ಬೇಗ ಹೇಳಿ.

ಪುಂಡರೀಕಾಕ್ಷ ಬೇಡವೆಂಬಂತೆ ತಲೆಯಾಡಿಸುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಮತ್ ಡಾಲಿಯೇ ಸರ್" ಎಂದಳು ಶ್ರೀಪ್ರಿಯಾ. "ಪೂಜಾ ಕೇ ದಿನ್ ಹಮ್‌ನೇ ಡ್ರೈಯರ್ ಬಂದ್ ಕಿಯಾ ಥಾ. ನಲೀ ಮೇ ಹೀ ಖುಲ್ ಜಾಯೇಗಾ."

ಹಾಕಬೇಡಿ, ಪೂಜೆಯ ದಿನ ಒಣಗಿಸುವ ಕಪಾಟನ್ನು ನಾವೇ ಆರಿಸಿದ್ದೆವು, ಕೊಳವೆಯೊಳಗೇ ಅರಳುತ್ತದೆ ಎಂದು ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಆ ಕಡೆಯಿಂದ ಟಿಕ್ ಟಿಕ್ ಒಂದೇ ಸಮನೆ ಕೇಳುತ್ತಿತ್ತು. ಪುಂಡರೀಕಾಕ್ಷ ಕುರ್ಚಿಯೊಂದನ್ನು ಅವಳತ್ತ ಎಳೆದರು, ಇಬ್ಬರೂ ಕೂರಲಿಲ್ಲ.

ತುಂಬ ಹೊತ್ತಿನ ಮೇಲೆ, ಬಿರಡೆ ಹಾಕದೆ ಕೊಳವೆ ಹೊರತೆಗೆದಿದ್ದೇನೆ ಎಂದು ಡಾಕ್ಟರ ದನಿ ಬಂತು; ರಬ್ಬರಿನ ಕೈಗವಸು ಕಳಚಿದ ಸದ್ದಾಯಿತು. ಆಮೇಲೆ ದೂರದಲ್ಲಿ ನಲ್ಲಿಯ ನೀರು ಸುರಿಯತೊಡಗಿತು.