ರಂಜಕದ ಕಲ್ಲು

ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದು ಲಿಂಬೆ ಹಿಂಡಿದ್ದ ರಂಜಕವನ್ನು ಅಂಬುಬಾಯಿ ನಾಲಗೆಗೆ ಮುಟ್ಟಿಸಿದಳು. ಖಾರವೇನೋ ಕಿವಿಯಲ್ಲಿ ಹೊಗೆ ಬರುವಷ್ಟಿತ್ತು. ಹುಳಿ ಮಾತ್ರ ಇಲ್ಲ. ಎಂಟು ಲಿಂಬೆಯ ಹುಳಿ ಎಲ್ಲಿ ಹೋಯಿತು?

ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಿಂದ ಶಹಾಬುದ್ದೀನ ರುಚಿ ನೋಡಲು ಬರುವವನಿದ್ದ. ಒಪ್ಪಿದರೆ ದಿನಾ ಇನ್ನೂರು ಮಂದಿಯ ರೊಟ್ಟಿಗೆ ಅವಳದೇ ರಂಜಕ. ಇಲ್ಲದಿದ್ದರೆ ಮತ್ತೆ ಖಣಿಯಲ್ಲಿ ಕಲ್ಲು ಹೊರುವುದು. ಆ ಧೂಳಿಗೆ ಅವಳ ಎದೆ ಈಗಲೇ ಗೊರಗೊರ ಎನ್ನುತ್ತಿತ್ತು.

ಪಕ್ಕದ ಮನೆಯ ತಾಜುನ್ನಿಸಾ ಒಂದು ಬೆರಳು ನೆಕ್ಕಿ ನಕ್ಕಳು. "ಲಿಂಬಿಹಣ್ಣು ಹಿಂಡೀಯೋ, ಬರೇ ಮಾರಿ ತೋರ್ಸೀಯೋ?"

"ನಿನ್ನ ಕಣ್ಣೆದುರಿಗೇ ಹಿಂಡ್ತೀನಿ, ನೋಡು!"

ಸಿಟ್ಟಿನಲ್ಲಿ ಹಿಂಡಿದ ರಸ ಅರೆಯುವ ಕಲ್ಲಿನ ಮೇಲೆ ಹರಿಯಿತು. ಹರಿದಲ್ಲೆಲ್ಲ ಬಿಳಿ ನೊರೆ ಚುರುಚುರು ಎದ್ದಿತು. ಒರೆಸಿದರೆ ಅಲ್ಲಿ ಕಲ್ಲಿನ ಹೊಳಪೇ ಇಲ್ಲ.

ತಾಜುನ್ನಿಸಾ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು.

ನೆಲಕ್ಕೆ ಹಾಸುವ ಪರಸಿ ಕಲ್ಲು ಕೊರೆಯುವ ಗಂಡ ದೇವಿಂದ್ರಪ್ಪ ತಿಂಗಳುಗಟ್ಟಲೆ ಉಜ್ಜಿ ಮಾಡಿಕೊಟ್ಟಿದ್ದ ಸುಣ್ಣಕಲ್ಲಿನ ಜಾತಿಯ ಶಹಾಬಾದಿ ಕಲ್ಲು ಅದು. ಓಣಿಯವರನ್ನೆಲ್ಲ ಕರೆದು ತೋರಿಸಿದ್ದ. ಅತ್ತೆಯ ಕಾಲದ ಕರಿಕಲ್ಲು ಅಂದಿನಿಂದ ಬಚ್ಚಲ ಹಿಂದೆ ಬೋರಲು ಬಿದ್ದಿತ್ತು. ಹೇಳುವುದು ಹೇಗೆ? ಹೇಳದಿದ್ದರೆ ಮಧ್ಯಾಹ್ನ ಬಂದೇ ಬಿಡುತ್ತದೆ.

"ರೀ," ಎಂದು ಕಡೆಗೆ ಅಂಗಳದಲ್ಲಿದ್ದ ಗಂಡನನ್ನು ಕರೆದಳು, "ನಿಮ್ಮ ಕಲ್ಲು ಹುಳಿ ಕುಡೀಲಿಕತ್ತದ."

ದೇವಿಂದ್ರಪ್ಪ ತಾನೇ ಒಂದು ಲಿಂಬೆ ಹಿಂಡಿ ನೊರೆಯನ್ನು ನೋಡುತ್ತ ಕುಳಿತ. ತಾಜುನ್ನಿಸಾ ನಗಲಿಲ್ಲ.

"ಮದ್ಲೇ ಹೇಳ್ಲಿಕ್ಕೇನಾಗಿತ್ತು?" ಎಂದ ಹೆಂಡತಿಗೆ.

"ನಂಗೂ ಈಗೇ ಗೊತ್ತಾತು. ಮದ್ಲೇ ಗೊತ್ತಿದ್ರೂ ಹೇಳ್ತಿದ್ನೋ ಇಲ್ಲೋ."

ಅವನು ಎದ್ದು ಬಚ್ಚಲ ಹಿಂದೆ ಹೋದ. ಕರಿಕಲ್ಲನ್ನು ಉರುಳಿಸಿ ತಂದು ತೊಳೆದ. ತನ್ನ ಉಳಿಯಿಂದಲೇ ಟಕ್ ಟಕ್ ಎಂದು ಅದಕ್ಕೆ ಹೊಸ ಹಲ್ಲು ಮಾಡಿದ. ತಾಜುನ್ನಿಸಾ ಮನೆಯಿಂದ ಲಿಂಬೆ ತಂದಳು, ಕುಳಿತು ಮೆಣಸಿನ ತೊಟ್ಟು ಬಿಡಿಸಿದಳು.

ಶಹಾಬುದ್ದೀನ ಬಂದಾಗ ಕರಿಕಲ್ಲಿನ ಮೇಲೆ ಹೊಸದಾಗಿ ಅರೆದ ರಂಜಕ ಭರಣಿಗೆ ಇನ್ನೂ ಇಳಿದಿರಲಿಲ್ಲ. "ಕುಂದ್ರಿ," ಎಂದ ದೇವಿಂದ್ರಪ್ಪ, ತನ್ನ ಶಹಾಬಾದಿ ಕಲ್ಲನ್ನೇ ಕೂರಲು ಬೋರಲು ಹಾಕಿ.

ರೊಟ್ಟಿಯ ಒಂದು ತುತ್ತು ಅದ್ದಿ ತಿಂದವನೇ ಶಹಾಬುದ್ದೀನ ಬಿಕ್ಕಿದ. ಕಣ್ಣೀರು ಗಡ್ಡಕ್ಕಿಳಿಯಿತು. "ಯಾ ಅಲ್ಲಾ! ನೀರು ಕೊಡ್ರಿ!" ನೀರು ಕುಡಿದು ಎರಡನೆಯ ತುತ್ತಿಗೆ ಕೈ ಹಾಕಿದ. ಅಂಬುಬಾಯಿ ಆಗ ಉಸಿರು ಬಿಟ್ಟಳು.

"ನಾಳಿಂದ ಎರಡು ಭರಣಿ ಕಳಸ್ರಿ," ಎಂದ ಮೂಗು ಒರೆಸುತ್ತ.

"ಕಲ್ಲು ಹೆಂಗದ?" ದೇವಿಂದ್ರಪ್ಪನಿಗೆ ಅದೇ ಚಿಂತೆ.

ಶಹಾಬುದ್ದೀನ ತಾನು ಕುಳಿತಿದ್ದ ಕಲ್ಲನ್ನು ತಟ್ಟಿದ. "ಖಾರ ತಿಂದವ್ರಿಗೆ ಭಾಳ ತಂಪದ."

ದೇವಿಂದ್ರಪ್ಪ ಹೆಂಡತಿಯ ಕಡೆ ನೋಡಿದ. ಅಂಬುಬಾಯಿ ಕೆಂಪು ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.